ಕಡಾ ಹೋದಾಕಿ

ನಾನು ಎರಡನೇ ಗೋಲ್‌ಕೀಪರು.
ಅಂದ್ರ ಏನಂದ್ರ
ನೀರಿನ ಕೊಡ, ಐಸಿನ ಚೀಲ, ಹನ್ನೊಂದು ಜೋಡಿ ಚಪ್ಪಲಿ,
ಮೆಹರುನ್ನೀಸಾ ಬಿಚ್ಚಿಟ್ಟ ಮೂಗುಬಟ್ಟು ಕಾಯೂದು,
ಮತ್ತ ನೂರು ಪುಟದ ನೋಟ್‌ಬುಕ್ಕಿನಾಗ
ಯಾರು ಹೊಡದ್ರು, ಯಾವ ಮಿನಿಟಿಗೆ,
ಬರಕೊಳ್ಳೂದು.

ದೀಪಾವಳಿ ಮುಗದ ಐತವಾರ ಶುರು,
ಶಿವರಾತ್ರಿಯೊಳಗ ಮುಗೀಬೇಕು ಲೀಗು.
ಏಳು ಊರು. ನಮ್ಮದು ಇಳಕಲ್ಲು,
ಕೆಂಪು ಕಲ್ಲಿನ ಪುಡಿ ಹಾಸಿದ ಮೈದಾನ.
ಬಿದ್ರ ಮಣಕಾಲಿಗೆ ರಕ್ತ ಯಾವ್ದು, ಮಣ್ಣು ಯಾವ್ದು
ತೊಳದ ಮ್ಯಾಲೇ ಗೊತ್ತಾಗೂದು.

ಹಾಲವ್ವ ಟೀಚರ್ ಆಡಿದ್ದು ಖೋಖೋ.
ಆಫ್‌ಸೈಡ್ ಅಂದ್ರೇನಂತ
ಸಂಕ್ರಾಂತಿ ತನಕ ಆಕೀಗೂ ಪಕ್ಕಾ ಇರಲಿಲ್ಲ.
"ಮುಂದ ಓಡಬ್ಯಾಡ್ರಿ, ಹಿಂದ ನಿಂದರಬ್ಯಾಡ್ರಿ" ಅಂತಿದ್ಲು.
ಹಂಗಂದ್ರ ಎಲ್ಲಿರೂದು, ಕೇಳಿದ್ಲು ಸುಗಲಾ.
ಉತ್ತರ ಇನ್ನೂ ಬಂದಿಲ್ಲ.

ಮೊದಲನೇ ಆಟ ಮುಧೋಳದಾಗ. ನಾಕು–ಸೊನ್ನೆ.
ನಾಕು ಅವರವು.
ಟೆಂಪೋದಾಗ ಯಾರೂ ಪಿಟಕ್ಕನ್ನಲಿಲ್ಲ.
ಅಮೀನಗಡ ದಾಟಿದ ಮ್ಯಾಲ ಸುಗಲಾ ಬುತ್ತಿ ಬಿಚ್ಚಿದ್ಲು:
"ಸೋತೋರಿಗೂ ಹೊಟ್ಟಿ ಇರತೈತವ್ವಾ."
ಕತ್ತಲದಾಗ ಹದಿಮೂರು ಮಂದಿ
ಕಡಕ್ ರೊಟ್ಟಿ ಮುರಿಯೋ ಸಪ್ಪಳ.

ಬನಹಟ್ಟಿಯಾಗ ಮೈದಾನದ ಮಗ್ಗಲಕ್ಕ ಪಾವರ್‌ಲೂಮು.
ಅದರ ಗದ್ದಲಕ್ಕ ರೆಫ್ರಿ ಸೀಟಿ ಕೇಳಸ್ಲಿಲ್ಲ,
ಆಟ ನಿಂತ ಮ್ಯಾಲೂ ಅಂಬುಜಾ ಕಾಟವಾ
ಒಬ್ಬಾಕೀನ ಓಡಿ ಹೋಗಿ ಗೋಲು ಹೊಡದು
ಕೈ ಎತ್ತಿ ತಿರುಗಿ ನೋಡಿದ್ಲು.
ಅದನ್ನೂ ಬರದೇನಿ. ಲೆಕ್ಕಕ್ಕಿಲ್ಲ ಅಂತ ಬಾಜೂಕ.

ಬಾದಾಮಿ ಮ್ಯಾಲ ಗೆದ್ವಿ. ಎರಡು–ಒಂದು.
ಆ ವಾರ ಕಂಡಿಕಿ ಸುತ್ತೋ ಕೈಗೆ ಕಾಲಿನ ಹುರುಪು,
ಎಳಿ ಹರೀತಿದ್ವು ಪಟಪಟ, ಮಾಲಕ ಬೈದ.

ಕಡೀ ಆಟ ನಮ್ಮೂರಾಗ, ಗುಳೇದಗುಡ್ಡದ ಮ್ಯಾಲ.
ನಾಕು ಪಾಯಿಂಟು ನಮ್ಮವು, ನಾಕು ಅವರವು.
ಕೆಳಗ ಉಳದೋರಿಗೆ ಮುಂದಿನ ವರ್ಷ ಜಾಗ ಇಲ್ಲ.
ಅವರು ಬಂದದ್ದು ಹತ್ತು ಮಂದಿ.
ಗೋಲ್‌ಕೀಪರ್ ಶೈಲಶ್ರೀನ್ನ
ಅವತ್ತೇ ನೋಡಾಕ ಬಂದಾರಂತ ಹುಡುಗನ ಕಡೆಯೋರು.
ಅವರ ಕ್ಯಾಪ್ಟನ್ ಹಾಲವ್ವನ ಮುಂದ ನಿಂತ್ಲು,
ಮನಿಗೆ ಬೀಗರು ಬಂದಾಗ
ಒಂದು ವಾಟಗಾ ಸಕ್ರಿ ಕಡಾ ಕೇಳಿದಂಗ.

ರೆಫ್ರಿ ಗಡಿಯಾರ ನೋಡಿದ. ಆಮ್ಯಾಲ ಮುಗಿಲು ನೋಡಿದ.
ಹಾಲವ್ವ ನನ್ನ ನೋಡಿದ್ಲು.
"ಬನ್ನಿ, ಹೋಗು."

ಬನ್ನಿ ಅಂದ್ರ ನಾನು, ಬನಶಂಕರಿ.
ಚಪ್ಪಲಿ ಕಾಯೋ ಕೆಲಸ ಒಂದು ಪೋರಗ ಒಪ್ಪಿಸಿ
ನೀಲಿ ಜರ್ಸಿಯೊಳಗ ತಲಿ ತೂರಿಸಿದೆ.
ಬೆನ್ನ ಮ್ಯಾಲ ಆಕೀ ಹೆಸರು.
ಅಲ್ಲಿ ಆಕಿ ಸೀರಿ ಉಟಗೊಂಡು ಚಹಾ ತಂದಾಳು,
ಇಲ್ಲಿ ನಾನು ಆಕಿಯಾಗಿ ನಿಂತೇನಿ.

ಅರವತ್ತಾರನೇ ಮಿನಿಟು. ಪೆನಾಲ್ಟಿ. ನಮಗ.
ನಮಗ ಅಂದ್ರ ಅವರಿಗೆ.
ಅಂಬುಜಾ ಚಂಡು ಇಟ್ಲು.
ಹೆದರಿದಾಗ ಆಕಿ ಜಡಿ ತುದಿ ಕಚ್ಚತಾಳ,
ಕಚ್ಚಿದಾಗ ಬಲಕ್ಕೇ ಹೊಡೀತಾಳ.
ಇದು ನೋಟ್‌ಬುಕ್ಕಿನಾಗಿಲ್ಲ,
ಮೂರು ತಿಂಗಳು ಬೆಂಚಿನ ಮ್ಯಾಲ ಕುಂತಾಕೀಗೆ
ಬ್ಯಾಡಂದ್ರೂ ಗೊತ್ತಾಗೂ ಸಂಗತಿ.

ಕಚ್ಚಿದ್ಲು.

ಬಿಡಬಹುದಾಗಿತ್ತು.
ಬಿಡಬೇಕಂತ ಮನಸೂ ಇತ್ತು.
ಕೈ ಕೇಳಲಿಲ್ಲ.

ಸೊನ್ನೆ–ಸೊನ್ನೆ. ಒಂದು ಗೋಲಿನ ಲೆಕ್ಕಕ್ಕ ನಾವೇ ಕೆಳಗ.
ಗುಳೇದಗುಡ್ಡದೋರು ನನ್ನ ಎತ್ತಿಕೊಂಡು ಕುಣದ್ರು,
ಮ್ಯಾಲಿಂದ ಕಂಡಿತು:
ನಮ್ಮೋರ ಹನ್ನೊಂದು ಬೈತಲಿ, ಎಲ್ಲಾ ಕೆಳಗ ಬಗ್ಗಿದ್ವು.

ನಾಕು ದಿನ ಅಂಬುಜಾ ಮಾತು ಬಿಟ್ಲು.
ಐದನೇ ದಿನ ಮಗ್ಗದ ಮುಂದ
ಸೆರಗಿನ ಎಳಿ, ಮೈಯಿನ ಎಳಿ
ಒಂದಕ್ಕೊಂದು ಕೊಂಡಿ ಹಾಕ್ಕೋತ, ಮುಖ ಎತ್ತದ, ಕೇಳಿದ್ಲು:
"ಎಡಕ್ಕ ಹೊಡದಿದ್ರ?"
"ಹೋಗತಿತ್ತು."
"ಹ್ಞಾಂ" ಅಂದ್ಲು.
ಇನ್ನೊಂದು ಎಳಿ ತಗೊಂಡ್ಲು.

ಜರ್ಸಿ ಮೂರು ಸಲ ಒಗದೇನಿ,
ಕೆಂಪು ಪೂರಾ ಹೋಗವಲ್ಲದು.
ಶೈಲಶ್ರೀ ಲಗ್ನ ಗೊತ್ತಾತಂತ ಸುದ್ದಿ.
ಇದನ್ನ ಎಲ್ಲಿಗೆ ಕಳಸಲಿ?
ತವರಮನಿಗೋ, ಗಂಡನ ಮನಿಗೋ,
ಇಲ್ಲಾ ನನ್ನ ಹಂತೇಕ ಇರಲೋ.