ಎಡಗಡೆ ಕೆಳಗಿನ ಆರನೆಯದು

ನನ್ನ ಬಾಯಲ್ಲಿ ಏಳು ಬ್ಯಾಚಿನ ಮಕ್ಕಳಿದ್ದಾರೆ.
ನಗಬೇಡಿ. ಬೇಕಾದರೆ ಟಾರ್ಚು ಹಿಡಿದು ನೋಡಿ:
ಮೇಲೆ ಬಲಕ್ಕೆ, ಬೆಳ್ಳಿ ಬಣ್ಣದ್ದು, ತಲಶ್ಶೇರಿಯ ಶಹನಾಜಳದ್ದು.
ಅದರ ಪಕ್ಕ ಸಿಮೆಂಟು ಎದ್ದುಹೋಗಿರುವುದು
ಹಾಸನದ ಕಡೆಯ ಹುಡುಗ, ಹೆಸರು ಮರೆತೆ,
ಗ್ಲೌಸಿನೊಳಗಿಂದಲೂ ಬರುತ್ತಿದ್ದ
ಕಿತ್ತಳೆ ಸಿಪ್ಪೆಯ ವಾಸನೆ ಮಾತ್ರ ನೆನಪಿದೆ.

ವಿರಾಜಪೇಟೆಯ ಗಡಿಯಾರ ಕಂಬ ದಾಟಿ ಇಳಿಜಾರಿಗೆ ಬಂದರೆ
'ಸಿಸಿಲಿಯಾ ಟೈಲರ್ಸ್, ಲೇಡೀಸ್ ಮಾತ್ರ'.
ಆ 'ಮಾತ್ರ'ದ ಮೇಲೆ ಬಣ್ಣ ಬಳಿದದ್ದು
ಹಲ್ಲಿನ ಕಾಲೇಜು ಬಂದ ವರ್ಷ.
ಅಲ್ಲಿವರೆಗೆ ರವಿಕೆ, ಲಂಗ,
ಮದುವೆ ಕಾಲಕ್ಕೆ ಕೊಡವತಿಯರ ಉದ್ದ ತೋಳಿನ ಕುಪ್ಪಸ.
ಆಮೇಲೆ ಬಿಳಿ ಕೋಟು. ಬಿಳಿ ಕೋಟು. ಬಿಳಿ ಕೋಟು.
ಜೇಬಿನ ಮೇಲೆ ನೀಲಿ ದಾರದಲ್ಲಿ ಹೆಸರು.
'ಡಾ.' ಈಗಲೇ ಹಾಕಲೋ, ಪಾಸಾದ ಮೇಲೋ?
ಈಗಲೇ ಹಾಕಿ, ಅಮ್ಮನಿಗೆ ಫೋಟೋ ಕಳಿಸಬೇಕು.

ನನಗೆ ಅವರ ಭುಜ ಗೊತ್ತು,
ಅವರಿಗೆ ನನ್ನ ಬಾಯಿ.

ಕಾಫಿ ಹೂ ಬಿಡುವ ಹೊತ್ತಿಗೆ ಅವರಿಗೆ ಪರೀಕ್ಷೆ,
ಹುಳುಕು ಹಲ್ಲಿಗೆ ಬೇಡಿಕೆ.
ಬಸ್‌ಸ್ಟ್ಯಾಂಡಿನಲ್ಲಿ ಆಕಳಿಸಿದರೆ ಮುಗಿಯಿತು,
ಎದುರಿನ ಹುಡುಗಿ ಇಣುಕಿ ನೋಡಿ,
"ಅಂಕಲ್, ಶನಿವಾರ ಬಿಡುವಿದೆಯಾ?"
ಆಟೋ ಕುಂಞಾಲಿಯ ಒಂದೇ ಒಂದು ದವಡೆ ಹಲ್ಲಿಗೆ
ಇಬ್ಬರು ರೂಮ್‌ಮೇಟುಗಳು ಮಾತು ಬಿಟ್ಟಿದ್ದರು.
ಅವನೋ, ಇಬ್ಬರಿಗೂ ಹೂಂ ಎಂದು
ಹಿಂದಿನ ಸಂಜೆ ಗೋಣಿಕೊಪ್ಪಕ್ಕೆ ಹೋಗಿ ಕೀಳಿಸಿಕೊಂಡು ಬಂದ.

ಮೊದಲು ಅಕ್ಕ ಎಂದರು. ಆಮೇಲೆ ಆಂಟಿ, ಚೇಚಿ.
ಹೋದ ವರ್ಷ ಒಬ್ಬಳು, ಹೆಗಲ ಚೀಲ ಇಳಿಸುತ್ತ, ಅಜ್ಜಿ ಎಂದಳು.
ಟೇಪು ಹಿಡಿದ ಕೈ ಒಂದಿಂಚು ತಪ್ಪಿತು.
ಬಿಗಿಯಾಯ್ತು ಅಂತ ತಂದಳು. ಬಿಚ್ಚಿ ಹೊಲಿದೆ, ಬಿಟ್ಟಿ.

ರಜೆಯಲ್ಲಿ ಜ್ಯೂಸಿನಂಗಡಿಯವ ಕೌಂಟರಿನ ಮೇಲೆ ತಲೆಯಿಟ್ಟು ಮಲಗುತ್ತಾನೆ.
ಪೀಜಿ ಮನೆಗಳ ತಂತಿಯ ಮೇಲೆ ಒಂದೊಂದು ಒಂಟಿ ಸಾಕ್ಸು.
ಮಾಕುಟ್ಟದ ತಿರುವು ಹತ್ತಿ ಕಣ್ಣೂರಿನ ಬಸ್ಸು ಖಾಲಿ ಬರುತ್ತದೆ,
ನಾಯಿಗಳು ಎದ್ದು ನೋಡಿ ಮತ್ತೆ ಮಲಗುತ್ತವೆ.

ಶರಣಬಸವ, ಲಿಂಗಸುಗೂರಿನವ, ನಾಲ್ಕನೇ ಸಲ ಕೂತ.
ಜೊತೆಯವರು ಬೋರ್ಡು ಹಾಕಿ ಕ್ಲಿನಿಕ್ ತೆರೆದಾಗಿತ್ತು,
ಇವನು ಸವೆದ ಕಾಲರು ತಿರುವಿ ಹಾಕಿಸಲು ಬಂದ.
ಇಷ್ಟು ವರ್ಷವಾದರೂ ಇಲ್ಲಿನ ಜುಲೈ ಅವನಿಗೆ ಅರ್ಥವಾಗಿರಲಿಲ್ಲ,
"ಬಿಸಿಲು ಎಲ್ಲಿ ಇಟ್ಟೀರಿ?" ಎಂದು ಕೇಳುತ್ತಿದ್ದ.
ಒಪ್ಪಿಕೊಂಡಿದ್ದ ರೋಗಿ ಕೈಕೊಟ್ಟ,
ಕುಟ್ಟದ ಕಡೆ ಮೆಣಸು ಕೊಯ್ಯಲು ಹೋದನಂತೆ.
"ಆಂಟೀ..." ಎಂದ, ಅಷ್ಟೇ. ಹಲ್ಲು ಕೇಳಲಿಲ್ಲ.
ನಾನೇ ಬಾಯಿ ತೆರೆದೆ.
ಎಡಗಡೆ ಕೆಳಗಿನ ಆರನೆಯದು. ನೋವಿರಲಿಲ್ಲ, ಹುಳುಕಿತ್ತು.
ಯಾರಿಗಾದರೂ ಆದೀತು ಅಂತ ಇಟ್ಟಿದ್ದೆ.

ಒಂಬತ್ತರಿಂದ ಒಂದೂವರೆಯವರೆಗೆ ಆ ಕುರ್ಚಿಯಲ್ಲಿ.
ದೀಪ ಕಣ್ಣಿಗೆ. ಪರ ಊರಿನ ಪರೀಕ್ಷಕ ಅವನ ಬೆನ್ನಿಗೆ.
ಅವನ ಮಣಿಕಟ್ಟು ನನ್ನ ಗದ್ದದ ಮೇಲೆ ನಡುಗುತ್ತಿತ್ತು,
ನಾನೇ ಹೊಲಿದ ತೋಳಿನಂಚು ತುಟಿಗೆ ತಾಗುತ್ತಿತ್ತು.
ನನಗೆ ಹೊಲಿಗೆ ಕಲಿಸಿದ ಸಿಸ್ಟರು ಹೇಳುತ್ತಿದ್ದರು,
ಬಟ್ಟೆ ಎಳೆಯಬೇಡ ಮಗಾ, ಅದು ತಾನೇ ಬರುತ್ತದೆ.
ಅದನ್ನು ಕಣ್ಣಲ್ಲೇ ಹೇಳಲು ನೋಡಿದೆ.
"ನೋವಾತೇನ್ರಿ?" ಎಂದ.

ಪಾಸಾದ. ಬಾಕಿ ಇನ್ನೂರು ರೂಪಾಯಿ ಕೊಟ್ಟು
ರಾತ್ರಿ ಬಸ್ಸು ಹತ್ತಿದ.

ಆ ಹಲ್ಲು ಒಂದು ಕೂದಲೆಳೆ ಎತ್ತರ.
ಮೆತ್ತನೆಯ ಕಡುಂಬುಟ್ಟು ಕಚ್ಚಿದರೂ ಮೊದಲು ಅದೇ ತಾಗುತ್ತದೆ.
ಈಗಿನವರು ಕನ್ನಡಿ ಇಟ್ಟು ನೋಡಿ ಲೊಚಗುಟ್ಟುತ್ತಾರೆ,
ಯಾರು ಮಾಡಿದ್ದು ಇದು? ಎರಡೇ ನಿಮಿಷ, ಉಜ್ಜಿ ಸರಿ ಮಾಡ್ತೀವಿ.

ಸೋಮವಾರ ಬರ್ತೀನಿ ಎನ್ನುತ್ತೇನೆ.
ಸೋಮವಾರವೇ ಅಂಗಡಿಯಲ್ಲಿ ರಷ್ಷು ಜಾಸ್ತಿ.