ಸದ್ದಿನ ಪಾಠ

ಬೆಳಗ್ಗೆ ಹತ್ತಕ್ಕೆ ನಮ್ಮ ಮನೆಯೇ ಇಸ್ಕೂಲು.
ಕೌಲ್ ಬಜಾರಿನ ಓಣಿ, ತಗಡಿನ ಸೂರು,
ಒಂದೇ ಕೋಣೆ. ಅದರೊಳಗೆ ನನ್ನ ಮಿಷಿನ್ನು,
ಅರವತ್ತು ಪ್ಯಾಂಟಿನ ಹಿಂಜೇಬು,
ಮತ್ತೆ ಒಂದನೇ ಕ್ಲಾಸಿನ ಎರ್ರಿಸ್ವಾಮಿ.

ಫೋನು ಅವರಪ್ಪಂದು.
ವಾಷಿಂಗ್ ಯೂನಿಟ್ಟಿಗೆ ಹೋಗೋ ಮುಂಚೆ
ನೀಲಿ ಹಿಡಿದ ಬೆರಳಲ್ಲಿ ಒರೆಸಿ ಕೊಡ್ತಾನೆ,
"ಚಾರ್ಜು ನೋಡ್ಕೊ" ಅಂತಾನೆ, ಅಷ್ಟೇ.
ಅಕ್ಕಿ ತುಂಬಿದ ಲೋಟದೊಳಗೆ ಅದನ್ನ ಊರಿ
ಕೋಟೆ ಗುಡ್ಡ ಕಾಣೋ ಕಿಟಕಿ ಹತ್ರ ಇಡ್ತೀನಿ.
ಅಲ್ಲಿ ಎರಡು ಕಡ್ಡಿ ಸಿಗ್ನಲ್ಲು.
ಒಲೆ ಹತ್ರ ಒಂದೂ ಇಲ್ಲ.

ಮೊದಲ ವಾರ ನನಗೇನು ಗೊತ್ತು?
ಅವನ ಬೆನ್ನ ಹಿಂದೆ ಕೂತು ಉತ್ತರ ಪಿಸುಗುಡ್ತಿದ್ದೆ.
ನಾಲ್ಕಕ್ಕೆ ಮೂರು ಕೂಡಿಸಿದರೆ ಎಷ್ಟು ಅಂದ್ರು.
"ಏಳು, ಏಳು" ಅಂದೆ.
ಎದ್ದು ನಿಂತ. ಪರದೆ ತುಂಬ ಬರೀ ಚಡ್ಡಿ.
ಶಶಿಕಲಾ ಟೀಚರು ನಕ್ಕು ಸಾಕಾಗಿ
"ಅವನೇ ತಪ್ಪು ಹೇಳ್ಲಿ ಬಿಡ್ರಮ್ಮಾ,
ತಪ್ಪು ನನಗೆ ಬೇಕು" ಅಂದ್ರು.
ಆ ಮಾತು ಎರಡು ದಿನ ತಲೆಯೊಳಗೆ ಓಡ್ತು.
ನಮ್ಮ ಕೆಲಸದಲ್ಲಿ ತಪ್ಪಿಗೆ ದುಡ್ಡು ಮುರ್ಕೊತಾರೆ.

ಆಮೇಲೆ ಉತ್ತರ ಬಿಟ್ಟು ಗುಂಡಿ ಕೊಟ್ಟೆ.
ಹಿತ್ತಾಳೆ ಗುಂಡಿ, ಹತ್ತತ್ತರ ಗುಡ್ಡೆ.
ಕೂಡಿಸಿದ, ಕಳೆದ, ಒಂದನ್ನ ಮೂಗಿನ ಮೇಲಿಟ್ಟುಕೊಂಡ.
ಗುರುತು ಹಾಕೋ ಸೀಮೆಸುಣ್ಣದ ಬಿಲ್ಲೆ ಕೊಟ್ಟೆ.
ಚಿಂದಿ ಜೀನ್ಸಿನ ಮೇಲೆ ಳ ಬರೆದ,
ಹೊಟ್ಟೆ ಮೇಲೆ ಬಿದ್ದ ಳ.
ಬರೆಯೋದು ಅವನೇ, ಅಳಿಸೋದೂ ಅವನೇ.
ಕಣ್ಣು ಗೋಡೆ ಹತ್ತಿತೋ, ಟೀಚರು ಬಿಡುವು ಕೊಟ್ಟಾಗ
ಓಣಿ ತುದಿ ಮುಟ್ಟಿ ಬಾ ಅಂತ ಓಡಿಸ್ತೀನಿ.
ಏದುಸಿರು, ಒಂದು ಮುಷ್ಟಿ ಮಂಡಕ್ಕಿ, ಮತ್ತೆ ಪಾಠ.

ಕಷ್ಟ ಇದ್ದದ್ದು ನನ್ನ ಕಾಲಿಗೆ.
ಅವನು ಬಾಯಿ ತೆರೆಯೋ ಹೊತ್ತಿಗೆ ಮಿಷಿನ್ನು ಗಪ್ ಆಗಬೇಕು.
ಮೈಕಿನ ಮೇಲೆ ಕೆಂಪು ಗೆರೆ ಇದ್ರೆ ಹೊಲಿ,
ಗೆರೆ ಹೋದ್ರೆ ಕಾಲೆತ್ತು.
ಮೂವತ್ತೊಂದನೇ ವಯಸ್ಸಿಗೆ ಕಲಿತೆ
ಅರ್ಧ ಹೊಲಿಗೆಯಲ್ಲಿ ನಿಲ್ಲೋದು.
ಸೂಜಿ ಬಟ್ಟೆಯೊಳಗೆ, ಉಸಿರು ಗಂಟಲೊಳಗೆ,
ಅವನು "ಹಾಜರ್ ಟೀಚರ್" ಅಂದು ಮುಗಿಸೋ ತನಕ.

ಬುಧವಾರದ ಪಾಠ ಸದ್ದು.
"ನಿಮ್ಮ ಮನೇಲಿ ಏನೇನು ಸದ್ದು ಕೇಳ್ತದೆ?
ಒಬ್ಬೊಬ್ಬರೇ ಹೇಳ್ರಿ."
ಕುಕ್ಕರು, ಅಂತು ಒಂದು ಚೌಕ.
ಎಮ್ಮೆ, ಅಂತು ಇನ್ನೊಂದು, ಅದರಲ್ಲಿ ಕಿವಿ ಮಾತ್ರ ಕಾಣ್ತಿತ್ತು.
ರೈಲು, ಅಂದಳು ಹುಲಿಗೆಮ್ಮ,
ಕೂಗಿಯೂ ತೋರಿಸಿದಳು.
"ವೈ. ಎರ್ರಿಸ್ವಾಮಿ?"
ನಾನು ಕಾಲೆತ್ತಿದೆ.
ಅವನು ಕೆಂಪು ತೆಗೆದ. ಫೋನಿನ ಕಡೆ ನೋಡಲಿಲ್ಲ.
ನನ್ನ ಕಡೆ ತಿರುಗಿ,
"ಅಮಾ, ಈಗ ಹೊಲಿ."

ಬ್ಯಾಡ ಅಂತ ತಲೆ ಅಲ್ಲಾಡಿಸಿದೆ.
"ಹೊಲಿಯಮ್ಮಾ, ಟೀಚರು ಕಾಯ್ತಾರ."

ಒಂದು ಜೇಬು ತಗೊಂಡೆ.
ಎಷ್ಟು ವಾರದಿಂದ ಬಚ್ಚಿಟ್ಟ ಸದ್ದು,
ಕಾಲಿಟ್ಟೆ, ಓಡ್ತು.
ಒಂದು ಗೆರೆ, ಮೂಲೆ, ತಿರುವು,
ಮತ್ತೊಂದು ಗೆರೆ, ಕೊನೆಗೆ ಹಿಂದಕ್ಕೆ ಎರಡು ಹೊಲಿಗೆ.
ದಾರ ಕತ್ತರಿಸಿದೆ. ಯಾರೂ ಮಾತಾಡಲಿಲ್ಲ.
ನೆಟ್ಟು ಹೋಯ್ತೇನೋ ಅಂದ್ಕೊಂಡೆ.

ಆಗ ಮೇಲಿನ ಸಾಲಲ್ಲಿ ಒಬ್ಬ:
"ಟೀಚರ್, ನಮ್ಮನೇಲೂ ಐತೆ!"
"ಟೀಚರ್, ನಮ್ಮನೇಲಿ ಎರಡು!"
ಕೆಂಪು ಗೆರೆ ಒಂದೊಂದೇ ಹೋದವು.
ಬ್ರೂಸ್‌ಪೇಟೆ, ಮಿಲ್ಲರ್‌ಪೇಟೆ, ಗುಗ್ಗರಹಟ್ಟಿ,
ಯಾರದೋ ತಾಯಿ, ಯಾರದೋ ಚಿಕ್ಕಪ್ಪ,
ಮುಖ ಕಾಣದ ಕಾಲುಗಳೆಲ್ಲ
ಪೆಡಲು ತುಳಿದವು.
ಟೀಚರು ಕಿವಿ ಮುಚ್ಚಿಕೊಂಡು ನಗ್ತಿದ್ರು.

ಅಷ್ಟರಲ್ಲಿ ಪರದೆ ಹಾರಿ ಫೋನು ಬಂತು.
ಪೀಸು ಹಂಚೋ ಚಾಂದ್‌ಬಾಷಾ.
"ಜೇಬು ಎಲ್ಲಿಗೆ ಬಂತಕ್ಕಾ?"
"ಕ್ಲಾಸಲ್ಲಿದೀನಿ, ಹನ್ನೆರಡಕ್ಕೆ ಮಾಡು" ಅಂದು ಇಟ್ಟೆ.

ಇಟ್ಟ ಮೇಲೆ ಎದೆ ಡವಡವ ಅಂತು.
ಎರ್ರಿ ಆಗಲೇ ಗುಂಡಿ ಎಣಿಸ್ತಿದ್ದ.
ಒಂದು ಕಡಿಮೆ ಬಂತು ಅಂತ ಮತ್ತೆ ಮೊದಲಿಂದ,
ಮೂಗಿನ ಮೇಲೆ ಅದನ್ನ ಇಟ್ಟುಕೊಂಡೇ.
ನಾನು ಹೇಳಲಿಲ್ಲ.