ಎರಡನೇ ಭಾನುವಾರ

ದುರ್ಗಿಗುಡಿಯ ಕಬ್ಬಿಣದಂಗಡಿಯ ಮೇಲೆ
ಹದಿನೇಳು ಮೆಟ್ಟಿಲು, ಒಂದು ಕೋಣೆ.
ಬೀಗದ ಕೈ ನನ್ನ ಹತ್ತಿರ, ಇಪ್ಪತ್ತೊಂಬತ್ತು ವರ್ಷದಿಂದ.
ಯಾರೂ ಕೊಟ್ಟದ್ದಲ್ಲ. ಮೊದಲ ದಿನ ಬೀಗ ಹಾಕಿದವಳು ನಾನು,
ಆಮೇಲೆ ಯಾರೂ ಕೇಳಲಿಲ್ಲ.

ಮೆಗ್ಗಾನ್ ಆಸ್ಪತ್ರೆಯ ಎಕ್ಸ್‌ರೇ ವಿಭಾಗದವಳು ನಾನು.
ಸಂಘದ ಮೊದಲ ಫಿಲ್ಮ್‌ಗಳನ್ನು ತೊಳೆದದ್ದು
ಅಲ್ಲಿಯ ಕತ್ತಲೆಕೋಣೆಯಲ್ಲಿ, ರಾತ್ರಿಪಾಳಿಯಲ್ಲಿ, ಕದ್ದು.
ಯಾರದೋ ಪಕ್ಕೆಲುಬು, ಯಾರದೋ ಮೊಣಕೈ,
ಅದೇ ತಂತಿಯಲ್ಲಿ ಗಾಜನೂರಿನ ಹಿನ್ನೀರು,
ಅಸದುಲ್ಲಾ ಸಾಹೇಬರ ಮಗಳ ಮೊದಲ ಹಲ್ಲು,
ಎಲ್ಲ ಒಟ್ಟಿಗೆ ತೊಟ್ಟಿಕ್ಕುತ್ತಾ ಒಣಗುತ್ತಿದ್ದವು.
ಹೈಪೋ ವಾಸನೆ ಸೀರೆಗೆ ಹತ್ತಿ ಮನೆಗೂ ಬರುತ್ತಿತ್ತು.
ಅದು ರೋಗಿಗಳ ವಾಸನೆ ಅಂದುಕೊಂಡೇ
ನಮ್ಮತ್ತೆ ತೀರಿಕೊಂಡರು.

ಜನ ಬಂದರು, ಹೋದರು. ರಿಜಿಸ್ಟರು ನಾಲ್ಕಾಯಿತು.
ಸ್ಲೈಡು ಹೋಯಿತು, ರೋಲು ಹೋಯಿತು, ಕಾರ್ಡು ಬಂತು,
ಈಗ ಜೇಬಿನಿಂದಲೇ ತೆಗೆದು ತೋರಿಸುತ್ತಾರೆ.
ಜಗಳ ಮಾತ್ರ ಹಾಗೇ ಇದೆ:
ಯಾರ ಮಿಂಚುಳ್ಳಿ ಹೆಚ್ಚು ನೀಲಿ,
ಚಹಾದ ದುಡ್ಡು ಯಾರು ಕೊಟ್ಟಿಲ್ಲ,
ತುಂಗೆಯ ಸೇತುವೆಯನ್ನ ಇನ್ನೆಷ್ಟು ಸಲ ನೋಡೋದು.
ಸೇತುವೆಗೇ ಬೇಜಾರಾಗಿಲ್ಲ, ನಿಮಗ್ಯಾಕ್ರೀ, ಅನ್ನುತ್ತೇನೆ.

ಲೈನ್‌ಮನ್ ತೀರ್ಥಪ್ಪನವರಿಗೆ ಕಂಬದ ಮೇಲಿಂದ ಮಾತ್ರ ಚಿತ್ರ ಬರುತ್ತೆ.
ಹೆಂಚು, ಒಣಹಾಕಿದ ಹಪ್ಪಳ, ಜನರ ನೆತ್ತಿ.
ಇಪ್ಪತ್ತು ವರ್ಷದಲ್ಲಿ ಒಬ್ಬರ ಮುಖವೂ ಇಲ್ಲ.
ಅದಕ್ಕೂ ಚಪ್ಪಾಳೆ ಹೊಡೆದಿದ್ದೇವೆ.

ಜೆರೋಮ್‌ನದು ಬೇರೆ. ಅವನು ಹೇಳಿದ ಕಡೆ
ಬೆಳಕು ಬಂದು ಕೂರುತ್ತಿತ್ತು.
ಉಂಬ್ಳೇಬೈಲಿನಿಂದ ಒಂದು ಸಲ ತಂದ:
ಪಿಕಳಾರದ ಗೂಡು, ಮೂರು ಮರಿ,
ಗಂಟಲ ಕೆಂಪು ಒಳಗಿನವರೆಗೂ.
ಅವತ್ತು ಯಾರೂ ಚಹಾ ಕೇಳಲಿಲ್ಲ.

ನನ್ನ ಕಣ್ಣು ಕೆಟ್ಟದ್ದು,
ಮುರಿದದ್ದನ್ನು ಹುಡುಕಿಯೇ ಸಂಬಳ ತಿಂದದ್ದು.
ಎಡಮೂಲೆಯಲ್ಲಿ, ಬಳಪದಷ್ಟು ದಪ್ಪ,
ಒಂದು ಕೊಂಬೆಯ ತುದಿ ಬೆಳ್ಳಗೆ.
ಗಾಳಿಗೆ ಮುರಿದದ್ದು ಸಿಬಿರು ಬಿಡುತ್ತೆ.
ಇದು ನುಣ್ಣಗಿತ್ತು.

ಕತ್ತಿಯೋ ಕತ್ತರಿಯೋ, ಕೇಳಿದೆ.
ಕತ್ತರಿ, ಅಂದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.
ಎಲೆ ಅಡ್ಡ ಬರ್ತಿತ್ತಕ್ಕಾ.
ಅಡ್ಡ ಬರಲಿಕ್ಕೇ ಇದ್ದದ್ದು ಅದು, ಅಂದೆ,
ಬಿಸಿಲಿಗೆ, ಕೆಂಬೂತಕ್ಕೆ, ನಿನಗೆ.

ಅಲ್ಲೇ ಬರೆದೆ, ಕೆಂಪು ಪೆನ್ನಿನಲ್ಲಿ: ಗೂಡಿನ ಚಿತ್ರ ಬೇಡ.
ನಿಯಮ ಸರಿ. ಇವತ್ತಿಗೂ ಸರಿ.
ಓದಿ ಹೇಳುವಾಗ ದನಿ ಏರಿತ್ತು, ಇಷ್ಟು ಜನರ ಮುಂದೆ.
ಅದು ಬೇಕಿರಲಿಲ್ಲ.
ಹದಿನೇಳು ಮೆಟ್ಟಿಲು ಇಳಿದವನು
ಹದಿಮೂರು ವರ್ಷವಾಯಿತು, ಹತ್ತಿಲ್ಲ.

ಆದರೆ ಏಪ್ರಿಲ್ ಬಂತೆಂದರೆ ಚಂದಾ ಬರುತ್ತೆ.
ಮೊದಲು ಮನಿಆರ್ಡರ್, ಈಗ ಫೋನಿಗೆ, ಟಿಣ್ ಅಂತ.
ನೂರಿಪ್ಪತ್ತಿದ್ದದ್ದನ್ನು ಇನ್ನೂರು ಮಾಡಿದೆವು;
ಯಾರು ಹೇಳಿದರೋ, ಆ ವರ್ಷ ಇನ್ನೂರೇ ಬಂತು.
ಸಂದೇಶದ ಜಾಗ ಖಾಲಿ.
ನಾನೂ ರಸೀದಿ ಬರೆಯುತ್ತೇನೆ, ಸದಸ್ಯ ಸಂಖ್ಯೆ ಒಂಬತ್ತು,
ಹರಿದು, ಅದೇ ಪುಸ್ತಕದೊಳಗೆ ಇಡುತ್ತೇನೆ.
ಹೀಗೊಂದು ಮಾತುಕತೆ ನಮ್ಮದು.

ನಿಮ್ಮ ಚಿತ್ರ ತೋರಿಸಿ ಮೇಡಂ, ಅಂತಾಳೆ
ಹೋದ ತಿಂಗಳು ಸೇರಿದ ಹುಡುಗಿ ಫಾಲ್ಗುಣಿ.
ನಾನು ಸ್ವಿಚ್ಚಿನ ಪಕ್ಕ ನಿಲ್ಲುವವಳಮ್ಮ.
ಕ್ಯಾಮೆರಾ ಬೀರುವಿನಲ್ಲಿದೆ, ಒಳಗೊಂದು ರೋಲು,
ಮೂವತ್ತಾರರಲ್ಲಿ ಇಪ್ಪತ್ತೆರಡು ಮುಗಿದದ್ದು.
ಏನು ತೆಗೆದಿದ್ದೆನೋ ನೆನಪಿಲ್ಲ.

ಇವತ್ತು ಫಾಲ್ಗುಣಿಯದೇ ಮೊದಲು. ಒಂದು ಕಪ್ಪೆ, ಪೂರ್ತಿ ಮಬ್ಬು.
ಕೈ ನಡುಗಿಬಿಡ್ತು, ಅಂತಾಳೆ ತೋರಿಸುವ ಮೊದಲೇ.
ಕಪ್ಪೆಯೂ ನಡುಗಿರಬೇಕು ಬಿಡು, ಅಂತಾರೆ ತೀರ್ಥಪ್ಪ.

ಬಾಗಿಲು ಪೂರ್ತಿ ಹಾಕಿ, ಬೆಳಕು ಬಂದು ಪರದೆ ಬಿಳಿಚುತ್ತೆ,
ಪ್ರತಿ ತಿಂಗಳ ಗೊಣಗಾಟ.
ಕೀಲು ಸಡಿಲ ಅಂತ ಹೇಳಿದ್ದೇನೆ.
ಕೀಲು ಚೆನ್ನಾಗಿಯೇ ಇದೆ.
ಒಂದು ಗೇಣು ತೆರೆದಿಟ್ಟು,
ಮೆಟ್ಟಿಲಿಗೆ ಕಿವಿಗೊಟ್ಟು,
ಲೈಟ್ ಆರಿಸುತ್ತೇನೆ.